ಒಂದು ಕಾಳು, ಮೂರು ಬಾಯಿ

ರಾಣೆಬೆನ್ನೂರಿನಿಂದ ಹಾವೇರಿ ಕಡೆಗೆ ಹೋಗುವ ಹೆದ್ದಾರಿಯ ಸರ್ವಿಸ್ ರಸ್ತೆ ಸುಗ್ಗಿಯ ದಿನಗಳಲ್ಲಿ ಅರ್ಧ ರಸ್ತೆ, ಅರ್ಧ ಕಣ. 2025ರ ನವೆಂಬರ್‌ನ ಒಂದು ಇಳಿಹೊತ್ತು ಅಲ್ಲಿ ಅರವತ್ತು ದಾಟಿದ ರೈತರೊಬ್ಬರು ಹರವಿದ ಗೋವಿನಜೋಳದಲ್ಲಿ ಕಾಲೆಳೆಯುತ್ತ ನಡೆಯುತ್ತಿದ್ದರು. ಪಾದ ಹೋದಲ್ಲೆಲ್ಲ ಅಡಿಯ ಹಸಿ ಕಾಳು ಮೇಲೆದ್ದು ಬಿಸಿಲಿಗೆ ಬರುತ್ತಿತ್ತು. ಮೈಸೂರು ಸೀಮೆಯವರು ಮುಸುಕಿನ ಜೋಳ ಎನ್ನುವ, ಪತ್ರಿಕೆಗಳು ಮೆಕ್ಕೆಜೋಳ ಎಂದು ಬರೆಯುವ ಬೆಳೆಗೆ ಈ ಭಾಗದಲ್ಲಿ ಇದೇ ಹೆಸರು. ರಸ್ತೆಯ ಆಚೆ ಬದಿಗೆ ಒಂದು ಪೆಟ್ರೋಲ್ ಬಂಕ್.

ಅಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ಸ್ಕೂಟರ್ ತಿರುಗಿಸಿ ಇತ್ತ ಬಂದವಳು ಅವರ ತಮ್ಮನ ಮಗಳು. ದಾವಣಗೆರೆ ಸಮೀಪದ ಕೋಳಿ ಆಹಾರದ ಕಾರ್ಖಾನೆಯೊಂದರಲ್ಲಿ ಕಾಳು ಖರೀದಿಸುವ ಕೆಲಸ ಅವಳದು. ಕಾಳು ಅಗ್ಗವಾದರೆ ಅವಳ ಕಾರ್ಖಾನೆಗೆ ಅನುಕೂಲ, ತುಟ್ಟಿಯಾದರೆ ದೊಡ್ಡಪ್ಪನಿಗೆ. ಇದು ಇಬ್ಬರಿಗೂ ಗೊತ್ತಿರುವುದರಿಂದ ಮನೆಯಲ್ಲಿ ಊಟಕ್ಕೆ ಕೂತಾಗ ಈ ಮಾತು ಎತ್ತುವುದಿಲ್ಲ. ರಾಶಿಯ ಪಕ್ಕದಲ್ಲಿ ನಿಂತಾಗ ಎತ್ತದೆ ಇರಲಾಗಲಿಲ್ಲ.

"ತೇವ ನೋಡ್ತೀಯೇನ ತಂಗಿ?"

ಅವಳು ಚೀಲದಿಂದ ತೇವಾಂಶದ ಯಂತ್ರ ತೆಗೆದು, ರಾಶಿಯ ಮೂರು ಕಡೆಯಿಂದ ಬೊಗಸೆ ಬೊಗಸೆ ಕಾಳು ತಂದು ಸುರಿದಳು. 15.8 ಎಂದು ತೋರಿಸಿತು.

"ಇನ್ನೂ ಎರಡು ದಿನ ಬಿಸಿಲು ಬೇಕು ದೊಡ್ಡಪ್ಪ. 14ಕ್ಕೆ ಇಳೀಬೇಕು. ಹಸಿ ಇದ್ರ ಚೀಲದಾಗ ಬೂಷ್ಟು ಹಿಡಿತೈತಿ."

"ಒಣಗಿಸ್ತೀನಿ ಬಿಡು. ನಾ ಕೇಳೂದು ಬ್ಯಾರೆ. ಸರಕಾರದವ್ರು ಕ್ವಿಂಟಲ್‌ಗೆ 2,400 ಅಂದ್ರು. ಪ್ಯಾಟ್ಯಾಗ 1,700 ಅಂತಾರ. ನಡುವಿನ 700 ರೂಪಾಯಿ ಯಾರ ಕಿಸೆದಾಗ ಹೋತು? ಓದಿದಾಕಿ ನೀನು, ಹೇಳು."

ನಾಲ್ಕು ಎಕರೆಯಲ್ಲಿ ಎಪ್ಪತ್ತೆರಡು ಕ್ವಿಂಟಲ್ ಬೆಳೆದ ಮನುಷ್ಯನಿಗೆ ಆ 700 ಎಂದರೆ 50,400 ರೂಪಾಯಿ. ಬೀಜ, ಗೊಬ್ಬರ, ಕಳೆನಾಶಕ, ಟ್ರ್ಯಾಕ್ಟರ್, ಒಕ್ಕುವ ಯಂತ್ರ ಎಲ್ಲಕ್ಕೂ ರೊಕ್ಕ ಎಣಿಸಿ ಕೊಟ್ಟಾಗಿದೆ. ಆ ವಾರ ಉತ್ತರ ಕರ್ನಾಟಕದಲ್ಲೆಲ್ಲ ಇದೇ ಪ್ರಶ್ನೆ ಎದ್ದಿತ್ತು. ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತಿದ್ದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದು, ರಾಜ್ಯದ ಸುಮಾರು 18 ಲಕ್ಷ ಹೆಕ್ಟೇರ್‌ನಲ್ಲಿ 54 ಲಕ್ಷ ಟನ್‌ಗೂ ಹೆಚ್ಚು ಮೆಕ್ಕೆಜೋಳ ಬರಲಿದೆ, ಬೆಲೆ ಮಾತ್ರ 1,600ರಿಂದ 1,800ರ ನಡುವೆ ಕುಸಿದು ನಿಂತಿದೆ ಎಂದು ಲೆಕ್ಕ ಕೊಟ್ಟಿದ್ದರು.

"ಮೊದಲನೇದು, 2,400 ಅನ್ನೂದು ಘೋಷಣೆ ದೊಡ್ಡಪ್ಪ, ಖರೀದಿ ಅಲ್ಲ. ಅಕ್ಕಿ, ಗೋಧಿ ಪಡಿತರಕ್ಕ ಬೇಕು. ಅದಕ್ಕ ಸರಕಾರ ಗೋದಾಮು ತೆರೆದು ಕೊಳ್ತೈತಿ. ಗೋವಿನಜೋಳ ಪಡಿತರದಾಗ ಇಲ್ಲ. ಬೆಂಬಲ ಬೆಲೆ ಅಂತ ಕರೀತಾರ, ಬೆಂಬಲಕ್ಕ ನಿಲ್ಲೋ ಮಂದಿ ಇಲ್ಲ."

"ಹಂಗಾದ್ರ ನಮ್ಮ ಕಾಳು ಯಾರಿಗೆ ಬೇಕು?"

"ಮೂರು ಬಾಯಿಗೆ ಬೇಕು." ಅವಳು ಬೆರಳು ಮಡಚಿದಳು. "ಒಂದು ನಮ್ಮ ಕೋಳಿ. ಎರಡನೇದು ಸ್ಟಾರ್ಚ್ ಕಾರ್ಖಾನೆ. ದಾವಣಗೆರಿ, ಗೋಕಾಕ ಕಡೆ ಐತಲ್ಲ, ಅಂಥವು. ಗ್ಲೂಕೋಸ್, ಔಷಧದ ಗುಳಿಗಿ, ಕಾಗದ, ಬಟ್ಟೆಗೆ ಹಾಕೋ ಗಂಜಿ ಎಲ್ಲಾ ಅಲ್ಲಿಂದ ಹೊರಡತಾವ. ಮೂರನೇದು ಆ ಬಂಕು."

ರೈತರು ರಸ್ತೆಯಾಚೆ ನೋಡಿದರು. ಪೈಪಿನ ಪಕ್ಕದ ಹಲಗೆಯ ಮೇಲೆ ಇ-20 ಎಂದು ಬರೆದಿತ್ತು: ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲ್.

"ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 38 ಲೀಟರ್ ಎಥನಾಲ್ ಇಳಿಸ್ತಾರ. ಈಗ ನಾ ಸ್ಕೂಟರ್‌ಗೆ ಐದು ಲೀಟರ್ ಪೆಟ್ರೋಲ್ ಹಾಕಿಸಿದೆ. ಅದರಾಗ ಒಂದು ಲೀಟರ್ ಎಥನಾಲ್. ಅದು ಅಷ್ಟೂ ಗೋವಿನಜೋಳದ್ದೇ ಆಗಿದ್ರ, ಎರಡೂವರೆ ಕಿಲೋಕ್ಕಿಂತ ಸ್ವಲ್ಪ ಹೆಚ್ಚು ಕಾಳು ನನ್ನ ಟ್ಯಾಂಕಿನಾಗ ಐತಿ ಅಂತ ಆತು."

"ಕೋಳಿಗೆ?"

"ಎರಡು ಕಿಲೋ ತೂಗೋ ಕೋಳಿ ಬೆಳೀಲಿಕ್ಕೆ ಮೂರೂಕಾಲು ಕಿಲೋ ಆಹಾರ ಬೇಕು. ಅದರಾಗ ಹತ್ತಕ್ಕ ಆರು ಪಾಲು ಗೋವಿನಜೋಳ. ಎರಡು ಕಿಲೋ ಅಂತ ಹಿಡೀರಿ."

ದೊಡ್ಡಪ್ಪ ಸ್ಕೂಟರನ್ನೂ ರಾಶಿಯನ್ನೂ ಒಂದೆರಡು ಸಲ ನೋಡಿದರು. ಒಂದು ಕೋಳಿ ಮೊಟ್ಟೆಯೊಡೆದು ಸಂತೆಗೆ ಬರುವ ತನಕ ತಿನ್ನುವಷ್ಟು ಕಾಳು ಸ್ಕೂಟರಿನ ಒಂದು ಟ್ಯಾಂಕಿಗೆ ಬೇಕು. ಮೂರು ವರ್ಷದ ಹಿಂದೆ ಈ ಹೋಲಿಕೆ ಮಾಡುವ ಅಗತ್ಯವೇ ಇರಲಿಲ್ಲ. ಎಥನಾಲ್ ಎಂದರೆ ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ, ಕಬ್ಬಿನ ಹಾಲು ಎಂದೇ ಇತ್ತು. 2022-23ರ ಎಥನಾಲ್ ವರ್ಷದಲ್ಲಿ ದೇಶದಾದ್ಯಂತ ಮೆಕ್ಕೆಜೋಳದಿಂದ ತೈಲ ಕಂಪನಿಗಳಿಗೆ ಹೋದದ್ದು ಸುಮಾರು 31 ಕೋಟಿ ಲೀಟರ್. ಮರುವರ್ಷ ಅದು 286 ಕೋಟಿ ಲೀಟರ್ ಆಯಿತು. ಒಂದೇ ವರ್ಷದಲ್ಲಿ ಒಂಬತ್ತು ಪಟ್ಟು. ಕಾಳಿನ ಲೆಕ್ಕದಲ್ಲಿ 75 ಲಕ್ಷ ಟನ್, ಅಂದರೆ ಕರ್ನಾಟಕ ಒಂದು ಮುಂಗಾರಿನಲ್ಲಿ ಬೆಳೆಯುವುದಕ್ಕಿಂತ ಹೆಚ್ಚು.

"ಇದು ಒಮ್ಮೆಲೆ ಹೆಂಗ ಆತು?"

"2023ರಾಗ ಮಳಿ ಕೈಕೊಡ್ತಲ್ಲ, ನೆನಪೈತೇನು? ಆ ವರ್ಷ ಜುಲೈದಾಗ ಸರಕಾರದ ಎಫ್‌ಸಿಐ ಗೋದಾಮಿನ ಅಕ್ಕಿ ಡಿಸ್ಟಿಲರಿಗೆ ಕೊಡೂದು ನಿಲ್ಲಿಸಿದ್ರು. ಡಿಸೆಂಬರ್‌ದಾಗ ಕಬ್ಬಿನ ಹಾಲಿಗೂ ತಡೆ ಹಾಕಿದ್ರು, ಸಕ್ಕರಿ ಕಡಿಮಿ ಆಗ್ತೈತಿ ಅಂತ. ಉಳಿದದ್ದು ಗೋವಿನಜೋಳ. ಅದರ ಎಥನಾಲಿಗೆ ಲೀಟರ್‌ಗೆ 71 ರೂಪಾಯಿ 86 ಪೈಸೆ ಅಂತ ರೇಟು ಏರಿಸಿದ್ರು. ಎಲ್ಲಾ ದಾರಿಗಿಂತ ಇದಕ್ಕ ಹೆಚ್ಚು."

"ಹೌದು, ಆ ವರ್ಷ ಕಾಳಿಗೆ ರೇಟು ಬಂದಿತ್ತು. ದಲಾಲಿ ಅಂಗಡಿಯವ ತಾನ ಫೋನ್ ಮಾಡಿ ಕೇಳ್ತಿದ್ದ. ಆಗ ಅಲ್ಲೇನು ನಾ ಹತ್ತಿ ತಗದು ಇನ್ನೂ ಎರಡು ಎಕರೆಕ್ಕ ಇದನ್ನ ಹಾಕಿದ್ದು."

"ನಿಮಗ ರೇಟು ಬಂತು. ನಮಗ ನಿದ್ದಿ ಇರಲಿಲ್ಲ." ಆ ದಿನಗಳನ್ನು ಹೇಳುವಾಗ ಅವಳ ದನಿ ಬದಲಾಯಿತು. ಕಾರ್ಖಾನೆಗೆ ಬರಬೇಕಾದ ಲಾರಿಗಳು ದಾರಿಯಲ್ಲೇ ಹೆಚ್ಚು ಬೆಲೆ ಕೊಟ್ಟವರ ಕಡೆ ತಿರುಗುತ್ತಿದ್ದವು. ಸಾಲ ಮಾಡಿ ಶೆಡ್ ಕಟ್ಟಿದ ಸಣ್ಣ ಕೋಳಿ ಸಾಕಣೆದಾರರು ಒಂದು ತಂಡದ ಮರಿ ಬಿಡುವುದನ್ನೇ ಕೈಬಿಟ್ಟರು. ಕೋಳಿ ಉದ್ಯಮದ ಸಂಘಗಳು ಸುಂಕವಿಲ್ಲದೆ ಆಮದಿಗೆ ಬಿಡಿ ಎಂದು ಕೇಂದ್ರಕ್ಕೆ ಬರೆದವು. ಬಾಂಗ್ಲಾದೇಶ, ವಿಯೆಟ್ನಾಂ, ನೇಪಾಳಗಳಿಗೆ ಮೆಕ್ಕೆಜೋಳ ಮಾರುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್ ಮತ್ತು ಉಕ್ರೇನ್‌ನಿಂದ ತರಿಸಿಕೊಂಡಿತು.

"ಬರಗಾಲದಾಗ ಬಂಕಿಗೆ ಕಡಿಮಿ ಮಾಡಿ ಕೋಳಿಗೆ ಬಿಡಬೇಕಿತ್ತಲ್ಲ?"

"ಅದೇ ನನ್ನ ಮಾತು. ಕೋಳಿ ನಾಳೆ ತಿನ್ನಲಿ ಅಂದ್ರ ಸಾಯ್ತೈತಿ. ಗಾಡಿ ಆ ಒಂದು ಲೀಟರ್ ಎಥನಾಲ್ ಇಲ್ಲದ ಬರೇ ಪೆಟ್ರೋಲ್‌ನ್ಯಾಗೂ ಓಡ್ತೈತಿ. ಆದ್ರ ಬರದ ವರ್ಷ ಬಗ್ಗಿದ್ದು ಕೋಳಿ."

ರೈತರು ಬಂಕಿನ ಕಡೆ ಬೆನ್ನು ತಿರುಗಿಸಿ ರಾಶಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತರು. "ಇರಲಿ. ಆಗ ನಿಮಗ ಕಷ್ಟ ಆತು, ನಮಗ ರೊಕ್ಕ ಬಂತು. ಈಗ ಮಳಿ ಚಲೋ ಆತು, ಕಾಳು ಬಾಳ ಬಂತು. ಈಗ ಬಂಕು ಹೆಚ್ಚು ಕುಡೀಬೇಕಲ್ಲ? ಯಾಕ ಕುಡೀವಲ್ದು?"

ಇಡೀ ವ್ಯವಹಾರದ ಗಂಟು ಈ ಪ್ರಶ್ನೆಯಲ್ಲೇ ಇದೆ. ಅವಳು ಸ್ವಲ್ಪ ಹೊತ್ತು ತಡೆದು, ನೆಲದ ಮೇಲೆ ಕಾಳಿನ ಎರಡು ಗುಡ್ಡೆ ಮಾಡಿ ವಿವರಿಸಿದಳು. 2025-26ಕ್ಕೆ ತೈಲ ಕಂಪನಿಗಳು ಕೇಳಿದ್ದು 1,050 ಕೋಟಿ ಲೀಟರ್ ಎಥನಾಲ್. ಡಿಸ್ಟಿಲರಿಗಳು ಕೊಡುತ್ತೇವೆ ಎಂದದ್ದು 1,776 ಕೋಟಿ ಲೀಟರ್. ಇಪ್ಪತ್ತರ ಗುರಿ ಮುಟ್ಟಿಯಾಗಿದೆ, ಅದಕ್ಕಿಂತ ಹೆಚ್ಚು ಬೆರೆಸುವ ತೀರ್ಮಾನ ಆಗಿಲ್ಲ. ಟ್ಯಾಂಕಿನ ಬಾಯಿ ಅಷ್ಟೇ ಅಗಲ, ಅದಕ್ಕೆ ಹಾಕಲು ನಿಂತವರ ಸಾಲು ಮಾತ್ರ ಉದ್ದವಾಗಿದೆ. ಆ ಸಾಲಿನಲ್ಲಿ ಕಬ್ಬು ಮರಳಿ ಬಂದಿದೆ. ಅಕ್ಕಿಯೂ ಬಂದಿದೆ: 2025ರ ಜನವರಿಯಲ್ಲಿ ಎಫ್‌ಸಿಐ ಅಕ್ಕಿಯನ್ನು ಡಿಸ್ಟಿಲರಿಗಳಿಗೆ ಕ್ವಿಂಟಲ್‌ಗೆ 2,250 ರೂಪಾಯಿಗೆ ಇಳಿಸಿದರು. ಆ ವರ್ಷದ ಎಥನಾಲಿಗೆ ಮೀಸಲಿಟ್ಟ ಅಕ್ಕಿ 52 ಲಕ್ಷ ಟನ್.

"ಅಕ್ಕಿ 2,250?" ದೊಡ್ಡಪ್ಪ ಎದ್ದು ನಿಂತರು. "ನನ್ನ ಗೋವಿನಜೋಳದ ಬೆಂಬಲ ಬೆಲೆಕಿಂತ ಕಡಿಮಿ?"

"ಹೌದು. ಅದೂ ಮಂದಿ ಉಣ್ಣೋ ಅಕ್ಕಿ."

"ಅಂದ್ರ ನನ್ನ ಕಾಳಿನ ರೇಟು ರಾಣೆಬೆನ್ನೂರ ಮಾರ್ಕೆಟ್‌ನ್ಯಾಗ ಆಗೂದಿಲ್ಲ."

"ದಿಲ್ಲಿಯ ಟೆಂಡರ್‌ದಾಗ ಅರ್ಧ ಆಗಿರತೈತಿ. ಉಳಿದ ಅರ್ಧ ಮಾತ್ರ ಇಲ್ಲಿ."

ಇನ್ನೊಂದು ಲೆಕ್ಕವನ್ನು ಅವಳು ಹೇಳಲು ಹಿಂಜರಿದಳು. ಹೇಳಿದ ಮೇಲೆ ಅವಳಿಗೇ ಹಗುರಾದಂತೆ ಕಂಡಿತು. ಎಥನಾಲಿನ ಬೆಲೆ ನಿಗದಿಯಾದದ್ದು. ಒಂದು ಕ್ವಿಂಟಲ್ ಕಾಳಿನ 38 ಲೀಟರಿಗೆ ಡಿಸ್ಟಿಲರಿಗೆ 2,730 ರೂಪಾಯಿ ಬರುತ್ತದೆ. ಕಾಳು 2,400ಕ್ಕೆ ಕೊಂಡರೂ ಅಷ್ಟೇ, 1,700ಕ್ಕೆ ಕೊಂಡರೂ ಅಷ್ಟೇ. ಉರುವಲು, ಕೂಲಿ, ಕಿಣ್ವ, ಬ್ಯಾಂಕಿನ ಬಡ್ಡಿ ಎಲ್ಲ ಕಳೆಯಬೇಕು ನಿಜ. ಆದರೂ ಪೇಟೆಯಲ್ಲಿ ಕಾಳು ಬಿದ್ದಾಗ ಬಂಕಿನಲ್ಲಿ ಪೆಟ್ರೋಲ್ ಇಳಿಯುವುದಿಲ್ಲ, ಎಥನಾಲಿನ ದರವೂ ಇಳಿಯುವುದಿಲ್ಲ; ಇಳಿಯುವುದು ಬೆಳೆದವನ ಪಾಲು ಒಂದೇ. ರೈತರು ಕೇಳಿದ 700 ರೂಪಾಯಿಯ ಒಂದು ತುಂಡು ಅಲ್ಲಿದೆ. ಇನ್ನೊಂದು ತುಂಡು ಅವಳ ಕೋಳಿ ಆಹಾರದ ಕಾರ್ಖಾನೆಯಲ್ಲಿದೆ. ಅದನ್ನೂ ಅವಳು ಮುಚ್ಚಿಡಲಿಲ್ಲ.

"ಇದು ನಮ್ಮಲ್ಲೇ ಹಿಂಗೋ, ಎಲ್ಲಾ ಕಡೆ ಹಿಂಗೋ?"

"ಅಮೆರಿಕದಾಗ ಇಪ್ಪತ್ತು ವರ್ಷದ ಕಥಿ ಐತಿ ದೊಡ್ಡಪ್ಪ."

2005ರಲ್ಲಿ, ಮತ್ತೆ 2007ರಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿ, ಪೆಟ್ರೋಲಿಗೆ ವರ್ಷಕ್ಕೆ ಇಷ್ಟು ಜೈವಿಕ ಇಂಧನ ಬೆರೆಸಲೇಬೇಕು ಎಂದಿತು. ಅಯೋವಾ, ಇಲಿನಾಯ್, ನೆಬ್ರಾಸ್ಕಾದ ಹೊಲಗಳ ನಡುವೆ ಡಿಸ್ಟಿಲರಿಗಳು ಎದ್ದವು. ಇವತ್ತು ಅಲ್ಲಿ ಬೆಳೆಯುವ ಗೋವಿನಜೋಳದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಮೊದಲು ಎಥನಾಲ್ ಕಾರ್ಖಾನೆಯ ಬಾಗಿಲಿಗೆ ಹೋಗುತ್ತದೆ. 25 ಕಿಲೋ ತೂಗುವ ಬುಷೆಲ್‌ಗೆ 2005ರ ಹೊತ್ತಿಗೆ ಎರಡು ಡಾಲರ್ ಇತ್ತು. 2012ರ ಬೇಸಿಗೆಯ ಬರದಲ್ಲಿ ಎಂಟು ಡಾಲರ್ ದಾಟಿತು. ದನ, ಹಂದಿ, ಕೋಳಿ ಸಾಕುವವರು ಮತ್ತು ಹಲವು ರಾಜ್ಯಗಳ ಗವರ್ನರ್‌ಗಳು ಈ ಒಂದು ವರ್ಷ ಕಡ್ಡಾಯ ಸಡಿಲಿಸಿ ಎಂದು ಪರಿಸರ ಸಂರಕ್ಷಣಾ ಸಂಸ್ಥೆಗೆ ಮೊರೆಯಿಟ್ಟರು. ನವೆಂಬರ್‌ನಲ್ಲಿ ಸಂಸ್ಥೆ ಆಗದು ಎಂದಿತು.

"ಅಲ್ಲೂ ಬಗ್ಗಿದ್ದು ಕೊಟ್ಟಿಗಿ" ಎಂದರು ದೊಡ್ಡಪ್ಪ.

"ಅಲ್ಲೂ ಕೊಟ್ಟಿಗಿ. ಅವರ ಪಕ್ಕದ ಮೆಕ್ಸಿಕೋದಾಗ ಮಂದಿ. ಅವರಿಗೆ ನಮ್ಮ ಜೋಳದ ರೊಟ್ಟಿ ಹೆಂಗೋ, ಹಂಗ ಟೋರ್ಟಿಯಾ. ಕಾಳನ್ನ ಸುಣ್ಣದ ನೀರಾಗ ಬೇಯಿಸಿ, ರುಬ್ಬಿ, ತಟ್ಟಿ ಸುಡತಾರ. 2007ರ ಜನವರಿದಾಗ ಅದರ ರೇಟು ಏರಿ, ಹತ್ತಾರು ಸಾವಿರ ಮಂದಿ ಮೆಕ್ಸಿಕೋ ಸಿಟಿಯ ಬೀದಿಗೆ ಬಂದ್ರು. ಸರಕಾರ ಕಿಲೋಕ್ಕ ಎಂಟೂವರೆ ಪೆಸೊಕ್ಕಿಂತ ಹೆಚ್ಚು ಮಾರಬ್ಯಾಡ್ರಿ ಅಂತ ವರ್ತಕರ ಜೋಡಿ ಒಪ್ಪಂದ ಮಾಡ್ಕೊಂಡಿತು."

ಏರಿಕೆಗೆ ಎಥನಾಲ್ ಒಂದೇ ಕಾರಣವಲ್ಲ, ದಾಸ್ತಾನು ಮಾಡಿದ ವರ್ತಕರ ಪಾಲೂ ಇತ್ತು ಎಂದು ಅವಳು ಕೂಡಿಸಿದಳು. ಎಥನಾಲನ್ನು ಪೂರ್ತಿ ಬೈಯುವ ಮನಸ್ಸು ಅವಳಿಗೆ ಇರಲಿಲ್ಲ. ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದ ಕೊಳ್ಳುತ್ತದೆ. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಮಾಡಲು ಹೊಲದಿಂದ ಹಿಡಿದು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಗೋವಿನಜೋಳವಾದರೆ ಮಳೆಯ ಮೇಲೆ ನಾಲ್ಕು ತಿಂಗಳಲ್ಲಿ ಬರುತ್ತದೆ. ಪೆಟ್ರೋಲಿನಷ್ಟು ಕಸುವು ಎಥನಾಲಿಗಿಲ್ಲ, ಲೀಟರಿಗೆ ಮೂರನೇ ಎರಡು ಪಾಲು ಶಾಖ ಮಾತ್ರ. ಆದರೂ ಕಾಳು ಮಿಕ್ಕಿದ ವರ್ಷ ಆ ಕಾಳನ್ನು ಕೊಳೆಯಲು ಬಿಡುವುದಕ್ಕಿಂತ ಟ್ಯಾಂಕಿಗೆ ಹಾಕುವುದು ಮೇಲು.

"ಹಂಗಾದ್ರ ನೀ ಏನ್ ಅಂತಿ? ಇರಬೇಕೋ, ಬ್ಯಾಡೋ?"

"ಇರಬೇಕು. ಆದ್ರ ಬಗ್ಗೂದು ಕಲೀಬೇಕು. ಬ್ರೆಜಿಲ್‌ದಾಗ 2011ರಾಗ ಕಬ್ಬು ಕಡಿಮಿ ಬಂತು. ಪೆಟ್ರೋಲ್‌ದಾಗ 25 ಪಾಲು ಎಥನಾಲ್ ಬೆರೆಸ್ತಿದ್ದವ್ರು 20ಕ್ಕ ಇಳಿಸಿದ್ರು. ಬೆಳಿ ಚಲೋ ಆದಾಗ ಏರಿಸಿದ್ರು. ಈ ವರ್ಷ ಆಗಸ್ಟ್‌ದಾಗ 30ಕ್ಕ ಹೋಗ್ಯಾರ. ನಮ್ಮಲ್ಲಿ 2023ರಾಗ ಹಂಗ ಇಳಿಸಿದ್ರ ಕೋಳಿ ಉಳೀತಿತ್ತು. ಈ ವರ್ಷ ಅಕ್ಕಿ ಹಿಂದ ಸರಿಸಿ ಕಾಳಿಗೆ ಜಾಗಾ ಕೊಟ್ಟಿದ್ರ ನೀವು ಉಳೀತಿದ್ರಿ."

"ಜಾಗಾ ಕೊಟ್ರೂ ಲಾಭ ಕಾರ್ಖಾನಿಯವ್ರದೇ ಅಲ್ಲೇನು? ನೀನ ಹೇಳಿದಿ."

ಇದಕ್ಕೂ ಅಮೆರಿಕದಲ್ಲೇ ಒಂದು ಉದಾಹರಣೆ ಇತ್ತು. ಮಿನ್ನೆಸೋಟ ರಾಜ್ಯದ ಬೆನ್ಸನ್ ಎಂಬ ಸಣ್ಣ ಊರಿನಲ್ಲಿ 1990ರ ದಶಕದಲ್ಲಿ ಸುತ್ತಲಿನ ರೈತರು ಷೇರು ಹಾಕಿ ತಮ್ಮದೇ ಎಥನಾಲ್ ಕಾರ್ಖಾನೆ ಕಟ್ಟಿದರು. ಆ ಸೀಮೆಯಲ್ಲಿ ಅಂಥವು ಇನ್ನೂ ಹಲವು ಎದ್ದವು. ಕಾಳಿನ ಬೆಲೆ ಬಿದ್ದ ವರ್ಷ ಹೊಲದಲ್ಲಿ ಕಳೆದುಕೊಂಡದ್ದು ಕಾರ್ಖಾನೆಯ ಲಾಭಾಂಶವಾಗಿ ಅಷ್ಟಿಷ್ಟು ಮನೆಗೆ ಮರಳಿತು. ಸಹಕಾರಿ ಸಕ್ಕರೆ ಕಾರ್ಖಾನೆಗಳನ್ನೂ ಹಾಲಿನ ಡೇರಿಗಳನ್ನೂ ಕಟ್ಟಿದ ಈ ನಾಡಿಗೆ ಅದು ತಿಳಿಯದ ವಿದ್ಯೆಯೇನಲ್ಲ. ಕಬ್ಬಿಗೆ ಮಾಡಿದ್ದನ್ನು ಮಳೆಯಾಶ್ರಿತ ಗೋವಿನಜೋಳಕ್ಕೆ ಯಾಕೆ ಮಾಡಲಿಲ್ಲ ಎಂದು ಹಾವೇರಿ, ದಾವಣಗೆರೆ ಜಿಲ್ಲೆಗಳ ಪ್ರತಿಯೊಬ್ಬ ಜನಪ್ರತಿನಿಧಿಯನ್ನೂ ಕೇಳಬೇಕಾಗಿದೆ.

"ಷೇರು ಹಾಕಲಿಕ್ಕೆ ಕೈಯಾಗ ರೊಕ್ಕ ಉಳೀಬೇಕಲ್ಲ ತಂಗಿ. 2018ರಾಗ ಆ ಸೈನಿಕ ಹುಳ ಬಂದಾಗಿಂದ ಖರ್ಚು ಒಂದಕ್ಕ ಎರಡಾತು." ದೇಶದಲ್ಲಿ ಆ ಹುಳು ಮೊದಲು ಕಂಡದ್ದೇ ಪಕ್ಕದ ಶಿವಮೊಗ್ಗದಲ್ಲಿ. ಸುಳಿಯೊಳಗೆ ಕೂತು ತಿನ್ನುತ್ತದೆ. ಮೇಲಿನಿಂದ ಸಿಂಪಡಿಸಿದ ಔಷಧ ಅಲ್ಲಿಗೆ ಇಳಿಯುವುದಿಲ್ಲ. ಅಕ್ಕಿ ತೌಡಿಗೆ ಬೆಲ್ಲ ಕಲಸಿ, ಒಂದು ದಿನ ಹುಳಿಯಲು ಬಿಟ್ಟು, ವಿಷ ಬೆರೆಸಿ ಒಂದೊಂದೇ ಸುಳಿಗೆ ಚಿಟಿಕೆ ಚಿಟಿಕೆ ಹಾಕಿದ ಆ ಮುಂಗಾರನ್ನು ದೊಡ್ಡಪ್ಪ ಮರೆತಿಲ್ಲ.

ಮಾತು ಮತ್ತೆ ಎಥನಾಲಿಗೆ ಬಂದು, ಅಲ್ಲಿಂದ ಬೂಷ್ಟಿನ ಕಡೆಗೆ ಹೊರಳಿತು. ಎಥನಾಲ್ ಇಳಿಸಿದ ಮೇಲೆ ಕಾಳಿನ ಪಿಷ್ಟ ಹೋಗುತ್ತದೆ, ಪ್ರೋಟೀನು, ನಾರು ಉಳಿಯುತ್ತದೆ. ಕ್ವಿಂಟಲ್‌ಗೆ ಸುಮಾರು 30 ಕಿಲೋ. ಡಿಡಿಜಿಎಸ್ ಎಂದು ಕರೆಯುವ ಆ ಒಣಪುಡಿ ಈಗ ಅವಳ ಕಾರ್ಖಾನೆಗೂ ಲಾರಿಗಟ್ಟಲೆ ಬರುತ್ತದೆ. ಸೋಯಾ ಹಿಂಡಿಗಿಂತ ಅಗ್ಗ.

"ಕೋಳಿಗೆ ಹಾಕ್ತೀರೇನು?"

"ಸ್ವಲ್ಪ ಹಾಕ್ತೀವಿ, ಪರೀಕ್ಷೆ ಮಾಡಿ. ಕಾಳಿನಾಗ ಬೂಷ್ಟಿನ ವಿಷ ಇದ್ರ, ಪಿಷ್ಟ ಹೋದ ಮ್ಯಾಲೆ ಆ ಪುಡಿದಾಗ ಅದು ಮೂರು ಪಟ್ಟು ಆಗ್ತೈತಿ. ಅದಕ್ಕ ನಾ ನಿಮ್ಮ ಬೆನ್ನು ಹತ್ತೂದು, ಒಣಗಿಸ್ರಿ ಒಣಗಿಸ್ರಿ ಅಂತ."

"ಹಿಂಡಿ ಬ್ಯಾಡಾದ್ರ ಸೋಯಾ ಬೆಳೆದವ್ರ ಗತಿ?"

ಅವಳು ಉತ್ತರ ಕೊಡಲು ಅವಸರಿಸಲಿಲ್ಲ. ಅವಳ ಅಕ್ಕನನ್ನು ಬೀದರ್ ಜಿಲ್ಲೆಗೆ ಕೊಟ್ಟಿದೆ. ಆ ಮನೆಯವರು ಸೋಯಾ ಬೆಳೆಯುತ್ತಾರೆ. 2024ರಲ್ಲಿ ಸೋಯಾಬೀನ್‌ನ ಬೆಂಬಲ ಬೆಲೆ 4,892 ಇದ್ದಾಗ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಬೇಕಾಯಿತು. ಅಗ್ಗದ ಆಮದು ಎಣ್ಣೆ ಒಂದು ಕಾರಣ, ಹಿಂಡಿಯ ಜಾಗಕ್ಕೆ ಬಂದ ಈ ಪುಡಿ ಇನ್ನೊಂದು. ರಾಣೆಬೆನ್ನೂರಿನ ಗೋವಿನಜೋಳ ಬಂಕಿಗೆ ಹೋದದ್ದರ ಪೆಟ್ಟು ಬೀದರಿನ ಸೋಯಾ ಹೊಲಕ್ಕೂ ತಗುಲಿತ್ತು.

ಬಿಸಿಲು ಇಳಿದಿತ್ತು. ಇಬ್ಬರೂ ಮರದ ಹಲಗೆಯಿಂದ ಕಾಳು ಕೂಡಿಸಿ ರಾಶಿ ಮಾಡತೊಡಗಿದರು. ರಾಜ್ಯ ಸರ್ಕಾರ ಡಿಸ್ಟಿಲರಿಗಳಿಂದ 2,400ಕ್ಕೆ ಕೊಳ್ಳಿಸುತ್ತದೆ, ಒಬ್ಬ ರೈತನಿಗೆ ಇಷ್ಟೇ ಕ್ವಿಂಟಲ್ ಎಂಬ ಮಿತಿ ಇರುತ್ತದೆ ಎಂಬ ಸುದ್ದಿಯನ್ನು ಅವಳು ಹೇಳಿದಳು. ಹೆಸರು ಬರೆಸಲು ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ತಯಾರಿಟ್ಟುಕೊಳ್ಳಿ ಎಂದಳು. ಅವರು ತಲೆಯಾಡಿಸಿದರು.

"ನಿಮ್ಮ ಕಾರ್ಖಾನಿ ನಾಳೆ ಎಷ್ಟಕ್ಕ ಕೊಳ್ತೈತಿ?"

"14 ತೇವ ಇದ್ರ 1,750 ಅಂತ ಬೆಳಿಗ್ಗೆ ಹೇಳ್ಯಾರ. ನಾ ಹೆಚ್ಚು ಮಾಡಂಗಿಲ್ಲ ದೊಡ್ಡಪ್ಪ."

"ಗೊತ್ತೈತಿ. ಇಪ್ಪತ್ತು ಚೀಲ ನಿನಗ ಕಳಿಸ್ತೀನಿ, ಬೀಜ ಗೊಬ್ಬರದ ಅಂಗಡಿಯವನಿಗೆ ಕೊಡೂದೈತಿ. ಉಳಿದದ್ದು ಹೆಸರು ಬರೆಸಿ ಕಾಯ್ತೀನಿ."

ತಾಡಪತ್ರಿಯ ಒಂದು ಅಂಚನ್ನು ಅವಳು ಹಿಡಿದಳು, ಇನ್ನೊಂದನ್ನು ಅವರು. ಗಾಳಿಗೆ ಹಾರದಂತೆ ಕಲ್ಲು ಹೇರುವಾಗ ಅವರು ಮುಂದಿನ ಮುಂಗಾರಿನ ಮಾತು ತೆಗೆದರು.

"ಎರಡು ಎಕರೆಕ್ಕ ಜೋಳ ಹಾಕ್ತೀನಿ, ನಮ್ಮ ರೊಟ್ಟಿ ಜೋಳ. ಮೊದಲು ಈ ಹೊಲದಾಗ ಅದ ಇತ್ತು. ಈಗ ರೊಟ್ಟಿಗೂ ಕೊಂಡು ತರೂದಾಗೇತಿ. ಕಣಿಕಿ ಆದ್ರ ಎತ್ತಿಗೆ ಆಗ್ತೈತಿ. ಗೋವಿನಜೋಳದ ದಂಟು ಅವು ಮೂಸೂದಿಲ್ಲ."

"ಉಳಿದ ಎರಡು?"

"ಇದನ್ನ ಹಾಕೂದು. ಬ್ಯಾರೆ ಏನೈತಿ? ನೀ ಧಾರವಾಡಕ್ಕ ಹೋದಾಗ ಕೃಷಿ ವಿಶ್ವವಿದ್ಯಾಲಯದಾಗ ಜೋಳದ ಚಲೋ ಬೀಜ ಐತೇನು ಕೇಳು."

ಕೇಳುತ್ತೇನೆ ಎಂದು ಅವಳು ಸ್ಕೂಟರ್ ಚಾಲು ಮಾಡಿದಳು. ರಾಶಿಯ ಪಕ್ಕದಲ್ಲಿ ರಾತ್ರಿ ಮಲಗಲು ದೊಡ್ಡಪ್ಪ ಕಂಬಳಿ ಬಿಚ್ಚುತ್ತಿದ್ದರು.